ಬೊಗ್ಗುವಿನ ಉಗುರು ಉಳಿಸಿದ ಪ್ರಸಂಗ

ಸವೆತದ ವಿಷಯದಲ್ಲಿ ನನ್ನಷ್ಟು ತಿಳಿದವರು ಡೊಂಬಿವಲಿ ಪೂರ್ವದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದೆ. ಇದು ಜಂಬವಲ್ಲ. ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಪಾಲಿಶ್ ಪೇಪರ್ ಮತ್ತು ಎಮರಿ ಬಟ್ಟೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ನನ್ನ ಉದ್ಯೋಗಜೀವನವೆಲ್ಲ ಕಳೆದಿದೆ. ಯಾವ ಬಟ್ಟೆಯಿಂದ ಯಾವ ಲೋಹವನ್ನು ಎಷ್ಟು ಉಜ್ಜಿದರೆ ಎಷ್ಟು ಸವೆಯುತ್ತದೆ ಎಂದು ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸ. ಕಬ್ಬಿಣ, ಹಿತ್ತಾಳೆ, ಮರ, ಮೇಲಧಿಕಾರಿಗಳ ಸಹನೆ, ಇವೆಲ್ಲ ಸವೆಯುವ ಬಗೆಯನ್ನು ನಾನು ಹತ್ತಿರದಿಂದ ಬಲ್ಲೆ. ಅಂಥವನಿಗೆ ನಾಯಿಯ ಉಗುರು ಯಾವ ಲೆಕ್ಕ!

ಈ ಪ್ರಸಂಗ ನಡೆದ ವರ್ಷ ಕಾರ್ಖಾನೆ ಗುಜರಾತಿಗೆ ಎದ್ದು ಹೋಯಿತು. ನಾನು ಹೋಗಲಿಲ್ಲ, ವಿ.ಆರ್.ಎಸ್. ತೆಗೆದುಕೊಂಡೆ. ಬೀಳ್ಕೊಡುಗೆಯ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ನೆನಪಿಗಿರಲಿ ಎಂದು ನಾನೇ ಕೇಳಿ ಎಮರಿ ಬಟ್ಟೆಯ ಒಂದು ರಿಜೆಕ್ಟ್ ಸುರುಳಿಯನ್ನೂ ಪಡೆದೆ. ನನ್ನನ್ನೂ ಅದನ್ನೂ ಕಂಪನಿ ಬೇಡವೆಂದದ್ದು ಒಂದೇ ವಾರದಲ್ಲಿ. ಇಬ್ಬರೂ ಒಟ್ಟಿಗೇ ಮನೆಗೆ ಬಂದೆವು.

ನಮ್ಮ ಮನೆ ಕೋಪರ್ ಮತ್ತು ಡೊಂಬಿವಲಿ ಸ್ಟೇಷನ್ನುಗಳ ನಡುವೆ, ರೈಲು ಹಳಿಗೆ ತಾಗಿದ ಹಾಗಿರುವ ಕಟ್ಟಡದಲ್ಲಿ. ಗಾಡಿ ಬಂದಾಗಲೆಲ್ಲ ಅಡಿಗೆಮನೆಯ ಲೋಟಗಳು ತಮ್ಮತಮ್ಮಲ್ಲೇ ಮಾತಾಡುತ್ತವೆ. ಆದರೆ ಹಳಿ ಪಕ್ಕದ ಸಂಸಾರಗಳಿಗೆ ಒಂದು ಅನುಕೂಲವೂ ಉಂಟು. ಸಂಜೆ ಕೆಲಸ ಮುಗಿಸಿ ಬರುವವರು ಗಾಡಿಯ ಬಾಗಿಲಲ್ಲಿ ನಿಂತು ತಮ್ಮ ಕಟ್ಟಡ ಬಂದಾಗ ಕರ್ಚೀಫು ಬೀಸುತ್ತಾರೆ. ಮನೆಯಾಕೆ ಅದನ್ನು ಕಂಡು ಚಹಾಕ್ಕೆ ನೀರಿಡುತ್ತಾಳೆ. ಅವರು ಸ್ಟೇಷನ್ನಿನಲ್ಲಿಳಿದು ನಡೆದು ಬರುವಷ್ಟರಲ್ಲಿ ಚಹಾ ತಯಾರು. ನಾನೂ ಬೀಸುತ್ತಿದ್ದೆ. ಕರ್ಚೀಫಲ್ಲ, ಕಾರ್ಖಾನೆಯಲ್ಲಿ ಕೈ ಒರೆಸಲು ಕೊಡುತ್ತಿದ್ದ ಹಳದಿ ಬಟ್ಟೆ. ಹಳದಿಯಾದರೆ ದೂರಕ್ಕೆ ಕಾಣುತ್ತದೆ ಎಂಬುದು ನನ್ನ ವೈಜ್ಞಾನಿಕ ನಿಲುವು.

ಬೊಗ್ಗು ನಮ್ಮ ನಾಯಿ. ಮಗಳು ದೀಪಾ ಕಾಲೇಜಿನಿಂದ ಬರುವಾಗ ಸ್ಟೇಷನ್ ಮೆಟ್ಟಿಲಿನಿಂದ ಎತ್ತಿಕೊಂಡು ಬಂದ ಬೀದಿಮರಿ. ಊರಿನ ಕಡೆಯ ಈ ಹೆಸರು ಇಟ್ಟವಳು ನನ್ನ ಹೆಂಡತಿ ಸುಮತಿ. ನಾನು ಮನೆಯಲ್ಲಿ ಕುಳಿತ ಮೇಲೆ ಅವನ ಜವಾಬ್ದಾರಿಯನ್ನು ನನ್ನ ಸುಪರ್ದಿಗೆ ತೆಗೆದುಕೊಂಡೆ. ಅದರ ಜೊತೆಗೆ ಟೆರೇಸಿನಲ್ಲಿ ಒಣಗಿದ ಬಟ್ಟೆ ತರುವ ಕೆಲಸವನ್ನೂ ಸುಮತಿಯಿಂದ ಕಿತ್ತುಕೊಂಡೆ. ದಿನಾ ಸಂಜೆ ನಾನೂ ಬೊಗ್ಗುವೂ ಟೆರೇಸಿಗೆ ಹತ್ತತೊಡಗಿದೆವು.

ಏನು ಓಟ ಅಂತೀರಿ! ಥಾಣೆ ಕಡೆಯಿಂದ ಗಾಡಿ ಬಂದದ್ದೇ ತಡ, ಅವನು ನೀರಿನ ಟಾಂಕಿಯ ಬುಡದಿಂದ ಹೊರಟು ಗಾಡಿಯ ಜೊತೆಜೊತೆಗೆ ಟೆರೇಸಿನ ಆ ತುದಿಯವರೆಗೆ ಓಡುತ್ತಿದ್ದ. ತುದಿಯಲ್ಲಿ ನಾಲ್ಕೂ ಕಾಲು ಊರಿ ಗಕ್ಕನೆ ನಿಂತು, ಗಾಡಿ ಹೋದ ದಿಕ್ಕನ್ನೇ ನೋಡಿ, ತಿರುಗಿ ಬರುತ್ತಿದ್ದ. ಅಷ್ಟರಲ್ಲಿ ಇನ್ನೊಂದು ಗಾಡಿ. ಸಂಜೆ ಹೊತ್ತು ನಮ್ಮ ಲೈನಿನಲ್ಲಿ ಗಾಡಿಗೇನು ಬರವೇ? ಇದೆಲ್ಲ ನನ್ನ ತರಬೇತಿಯ ಫಲ ಎಂದು ನಾನು ತಿಳಿದೆ. ಸೊಸೈಟಿಯ ಸೆಕ್ರೆಟರಿ ಕುಲಕರ್ಣಿಯವರಿಗೂ ಹಾಗೆಯೇ ಹೇಳಿದೆ. ನನ್ನ ಹೆಸರು ವಾಸುದೇವ ರಾವ್. ಆದರೆ ಕುಲಕರ್ಣಿಯವರ ಪಾಲಿಗೆ ಕರಾವಳಿಯಿಂದ ಬಂದವರೆಲ್ಲ ಶೆಟ್ಟಿ.

"ವಾ ಶೆಟ್ಟಿ, ಕುತ್ರಾ ಏಕ್‌ದಮ್ ಫಿಟ್ ಆಹೇ!" ಎಂದು ಅವರು ನಾಯಿಯ ಕಸುವನ್ನು ಮೆಚ್ಚಿದರು.

ಒಂದು ಬೆಳಿಗ್ಗೆ ಸುಮತಿ ಅಡಿಗೆಮನೆಯಿಂದ ಕೂಗಿದಳು. "ಇದೆಂತ ಮಾರಾಯ್ರೆ, ನೆಲದಲ್ಲಿ ಕುಂಕುಮ ಚೆಲ್ಲಿದ ಹಾಗೆ ಉಂಟಲ್ಲ?"

ಅದು ಕುಂಕುಮವಲ್ಲ. ಬೊಗ್ಗು ಮೂಲೆಯಲ್ಲಿ ಕುಳಿತು ಪಾದ ನೆಕ್ಕುತ್ತಿದ್ದ. ಹಿಡಿದು ನೋಡಿದೆ. ಉಗುರುಗಳೆಲ್ಲ ಸವೆದು ಬೆರಳಿಗೆ ಸಮವಾಗಿದ್ದವು. ಎರಡರಲ್ಲಿ ಒಳಗಿನ ಕೆಂಪು ಜೀವ ಕಾಣುತ್ತಿತ್ತು. ಪೂರ್ತಿ ಉಳಿದದ್ದು ನೆಲಕ್ಕೆ ತಾಗದ ಮೇಲಿನ ಉಗುರೊಂದೇ. ನೆಲಕ್ಕೆ ತಾಗದ್ದು ಸವೆಯುವುದಿಲ್ಲ ಎಂದು ನಾನು ತಜ್ಞನ ಗಾಂಭೀರ್ಯದಿಂದ ಘೋಷಿಸಿದೆ.

"ಡಾಕ್ಟರ ಹತ್ತಿರ ಹೋಗುವ," ಎಂದಳು ಸುಮತಿ.

"ಉಗುರಲ್ಲಿ ಹೋಗುದಕ್ಕೆ ಕೊಡಲಿ ಯಾಕೆ? ಇದು ನನ್ನ ಸಬ್ಜೆಕ್ಟು."

"ಪಪ್ಪಾ, ಆಪ್ ರೆಹನೇ ದೋ ನಾ," ಎಂದಳು ದೀಪಾ. ಕನ್ನಡದಲ್ಲಿ ಹೇಳಿದರೆ ಉತ್ತರ ಹಿಂದಿಯಲ್ಲಿ ಬರುವುದು ನಮ್ಮ ಮನೆಯ ಪದ್ಧತಿ. ಯಾವ ಭಾಷೆಯಲ್ಲಿ ಬೇಡವೆಂದರೂ ನಾನು ಕೇಳುವವನಲ್ಲ.

ನನ್ನ ಯೋಜನೆ ಸರಳವಾಗಿತ್ತು. ಟೆರೇಸಿನ ಒರಟು ಕಾಂಕ್ರೀಟಿನ ಮೇಲೆ ಮೆತ್ತಗಿನದೇನಾದರೂ ಹಾಸಬೇಕು, ಅದು ಜಾರಲೂ ಬಾರದು. ನನ್ನಲ್ಲಿ ರಿಜೆಕ್ಟ್ ಸುರುಳಿ ಇತ್ತಲ್ಲ! ಎಮರಿ ಬಟ್ಟೆಗೆ ಎರಡು ಮುಖ. ಒಂದು ಕಡೆ ಹರಳಿನ ಒರಟು, ಇನ್ನೊಂದು ಕಡೆ ಬರೀ ಹತ್ತಿಬಟ್ಟೆ. ಒರಟು ಮುಖ ಕೆಳಗೆ ಹಾಕಿದರೆ ನೆಲವನ್ನು ಕಚ್ಚಿ ಹಿಡಿಯುತ್ತದೆ. ಬಟ್ಟೆಯ ಮುಖ ಮೇಲಿದ್ದರೆ ಬೊಗ್ಗುವಿಗೆ ರತ್ನಗಂಬಳಿ. ಟೆರೇಸಿನ ಉದ್ದಕ್ಕೂ ಹಾಸಿ, ಎರಡು ತುದಿಗೂ ಇಟ್ಟಿಗೆ ಇಟ್ಟು, ಹೆಮ್ಮೆಯಿಂದ ಕೆಳಗಿಳಿದು ಮಧ್ಯಾಹ್ನದ ಊಟ ಮಾಡಿ ಮಲಗಿದೆ.

ಅದು ಮೇ ತಿಂಗಳು. ಎಮರಿ ಬಟ್ಟೆಯನ್ನು ಬಿಸಿಲಿನಲ್ಲಿಟ್ಟರೆ ಸುರುಟಿಕೊಳ್ಳುತ್ತದೆ. ಈ ಮಾತನ್ನು ಭಾರತದಲ್ಲಿ ಅತಿ ಹೆಚ್ಚು ಸಲ ಬರೆದವನು ಬಹುಶಃ ನಾನೇ. "ಬಿಸಿಲು ತಾಗದಂತೆ ಇಡತಕ್ಕದ್ದು" ಎಂದು ಪ್ರತಿ ವರದಿಯ ಕೊನೆಗೂ ಬರೆದು ಸಹಿ ಹಾಕುತ್ತಿದ್ದೆ. ಬೇರೆಯವರಿಗೆ!

ಸಂಜೆ ಬೊಗ್ಗುವಿನ ಜೊತೆ ಮೇಲೆ ಹೋಗುವಷ್ಟರಲ್ಲಿ ಹಾಸು ನಡುವಿನಲ್ಲಿ ಮಗುಚಿಕೊಂಡು, ಒರಟು ಮುಖವನ್ನು ಆಕಾಶಕ್ಕೆ ತೋರಿಸಿ ಮಲಗಿತ್ತು. ಅದರ ಮೇಲೆ ಕುಲಕರ್ಣಿಯವರು ಪದ್ಮಾಸನದಲ್ಲಿದ್ದರು. ಪ್ರಾಣಾಯಾಮಕ್ಕಾಗಿ ಟೆರೇಸಿಗೆ ಚಾಪೆ ಹಾಸಬೇಕೆಂದು ಅವರು ಬಹಳ ದಿನಗಳಿಂದ ಕಮಿಟಿಯಲ್ಲಿ ಹೇಳುತ್ತಿದ್ದರಂತೆ. ಅದು ಮಂಜೂರಾಯಿತೆಂದೇ ತಿಳಿದಿದ್ದರು. ಕಣ್ಣು ಮುಚ್ಚಿ ಕಪಾಲಭಾತಿ ಮಾಡುತ್ತಿದ್ದರು. ಪ್ರತಿ ಉಸಿರಿಗೂ ದೇಹ ಚೂರು ಕುಲುಕುತ್ತಿತ್ತು. ಪ್ರತಿ ಕುಲುಕಿಗೂ ಅವರ ಪೈಜಾಮ ಎಮರಿಯ ಮೇಲೆ ಸವರುತ್ತಿತ್ತು. ಪ್ರಾಣಾಯಾಮ ಕೆಡಿಸಬಾರದೆಂದು ನಾನು ಟಾಂಕಿಯ ಬಳಿಯೇ ನಿಂತು ಕುಲುಕು ಎಣಿಸಿದೆ.

ಅವರು ಎದ್ದು ನಿಂತರು. ಗಾಳಿ ಎಲ್ಲಿಂದಲೋ ತಂಪಾಗಿ ಬೀಸಿರಬೇಕು, ಕೈ ಹಿಂದೆ ಹೋಯಿತು.

"ಅಹೋ ಶೆಟ್ಟಿ! ಹೇ ಕಾಯ್ ಠೇವಲಂಯ್ ಇಥೆ?"

ಇಲ್ಲಿ ಏನಿಟ್ಟಿದ್ದೀರೆಂದು ಅವರು ಕೂಗುವಾಗ ನಾನು ಹತ್ತಿರ ಹೋಗಿ ಹಾನಿಯ ಪ್ರಮಾಣವನ್ನು ಬಗ್ಗಿ ಪರಿಶೀಲಿಸುತ್ತಿದ್ದೆ. ಅಭ್ಯಾಸ ಬಲ! ಆ ಗಳಿಗೆಯಲ್ಲೇ ಗಾಡಿ ಬಂತು. ಬೊಗ್ಗು ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹೊರಟ. ಮಗುಚಿದ ಎಮರಿಯ ಮೇಲೆ ಓಡಿ, ಅದರ ಮೇಲೆಯೇ ಗಕ್ಕನೆ ನಿಂತ. ತಿಂಗಳಲ್ಲಿ ಸವೆಯಬೇಕಾದದ್ದು ಒಂದೇ ಓಟದಲ್ಲಿ ಸವೆಯಿತು. ಅವನು ಕುಂಯ್ಗುಟ್ಟುತ್ತ ಮೂರು ಕಾಲಿನಲ್ಲಿ ವಾಪಸು ಬಂದ. ಆ ದನಿ ಕೇಳಿ ಕುಲಕರ್ಣಿಯವರು ತಮ್ಮ ಪೈಜಾಮ ಮರೆತು ಅವನನ್ನು ಎತ್ತಿಕೊಂಡರು.

"ಗಣಪತಿ ಮಾಡ್ಲಿಕ್ಕೆ ಹೋಗಿ ಅವನ ಅಪ್ಪನನ್ನು ಮಾಡಿದ್ರಿ," ಎಂದಳು ಮೇಲೆ ಓಡಿ ಬಂದ ಸುಮತಿ. ಬೇರೇನೂ ಬೈಯಲಿಲ್ಲ. ಸುರುಳಿಯನ್ನು ಮನೆಯ ಅಟ್ಟಕ್ಕೆ ಎಸೆದು, ರಿಕ್ಷಾ ಕರೆದಳು.

ಪ್ರಾಣಿಗಳ ಡಾಕ್ಟರಬಾಯಿ ನಡೆದದ್ದು ಕೇಳಿ ನಕ್ಕರು. ಗಾಯ ತೊಳೆದು ಔಷಧಿ ಹಚ್ಚಿ, ನಾಯಿಗಳಿಗೆಂದೇ ಮಾಡಿದ ಬೂಟು ಸಿಗುತ್ತದೆ, ಗಾಯ ಒಣಗಿದ ಮೇಲೆ ಅದನ್ನು ಹಾಕಿ ಓಡಿಸಿ ಎಂದರು. ಅದು ಆಗ ಡೊಂಬಿವಲಿಯಲ್ಲಿ ಸಿಗುತ್ತಿರಲಿಲ್ಲ, ಮುಂಬಯಿಯಿಂದ ತರಿಸಬೇಕಿತ್ತು. ಬೂಟಿಗಾಗಿ ಮುಂಬಯಿಗೆ ಯಾಕೆ? ಪಾದದ ಅಳತೆ ನೋಡಿದರೆ ಮಕ್ಕಳ ಬೂಟು ಧಾರಾಳವಾಗಿ ಸಾಕಲ್ಲ! ಒಣಗುವವರೆಗೆ ಕಾಯುವ ತಾಳ್ಮೆಯೂ ನನಗಿರಲಿಲ್ಲ. ನಾನು ಫಡ್ಕೆ ರೋಡಿನ ಚಪ್ಪಲಿ ಅಂಗಡಿಗೆ ಹೋದೆ.

"ಬಚ್ಚೇ ಕೀ ಉಮರ್?" ಎಂದು ಕೇಳಿದ ಅಂಗಡಿಯವನು.

"ಚಾರ್ ಸಾಲ್," ಎಂದೆ. ಬೊಗ್ಗುವಿಗೆ ನಾಲ್ಕು ವರ್ಷ.

"ಚಾರ್ ಸಾಲ್, ಔರ್ ಇತ್ನಾ ಛೋಟಾ ಪೈರ್?"

"ಅಭೀ ದೋ ಪೈರ್ ಪೇ ಚಲ್ತಾ ನಹೀಂ ಹೈ. ದೋ ಜೋಡೀ ದೇದೋ."

ಇನ್ನೂ ಎರಡು ಕಾಲಿನಲ್ಲಿ ನಡೆಯುವುದಿಲ್ಲ ಎಂದದ್ದೇ ತಡ, ಅಂಗಡಿಯವನ ಮುಖ ಬಾಡಿತು. ಎರಡು ಜೋಡಿ ಕಟ್ಟಿಕೊಡುತ್ತ, ಕಲ್ಯಾಣದಲ್ಲಿ ಎಲುಬಿನ ಒಳ್ಳೆಯ ಡಾಕ್ಟರೊಬ್ಬರಿದ್ದಾರೆ, ಧೈರ್ಯ ಬಿಡಬೇಡಿ ಎಂದು ನನ್ನ ಭುಜ ತಟ್ಟಿದ. ನಿಜ ಹೇಳುವ ಧೈರ್ಯ ನನಗಾಗಲಿಲ್ಲ. ಧನ್ಯವಾದ ಹೇಳಿ ಬಂದೆ.

ಬೂಟುಗಳು ಹೆಜ್ಜೆ ಇಟ್ಟರೆ ಪೀಂ ಎನ್ನುವಂಥವು. ಆ ಅಳತೆಯಲ್ಲಿ ಬೇರೆ ಇರಲಿಲ್ಲ. ಬೊಗ್ಗುವಿಗೆ ತೊಡಿಸಿ ಟೆರೇಸಿನಲ್ಲಿ ನಿಲ್ಲಿಸಿದೆ. ಅವನು ಒಂದು ಕಾಲೆತ್ತಿದ. ಇಟ್ಟ. ಪೀಂ! ಯಾರೋ ತನ್ನನ್ನು ಅವಮಾನಿಸಿದರೆಂಬಂತೆ ಹಿಂದೆ ನೋಡಿದ. ನನ್ನನ್ನೂ ನೋಡಿದ. ಆ ನೋಟ ಇನ್ನೂ ಮರೆತಿಲ್ಲ. ಅಷ್ಟರಲ್ಲಿ ಗಾಡಿ ಬಂತು, ಮಾನಾಪಮಾನ ಮರೆತು ಓಡಿದ. ಪೀಂಪೀಂಪೀಂಪೀಂ! ಮೇಲಿನ ಮಹಡಿಯ ಕಿಟಕಿಗಳೆಲ್ಲ ತೆರೆದವು. ತುದಿಯಲ್ಲಿ ಅವನು ಗಕ್ಕನೆ ನಿಂತ, ಬೂಟು ನಿಲ್ಲಲಿಲ್ಲ. ಮುಂಗಾಲಿನದೊಂದು ಹಾರಿ ಹಳಿಯ ಕಡೆಗೆ ಹೋಯಿತು. ಕಸಾರಾ ಲೋಕಲಿನ ತಲೆಯ ಮೇಲೆ ಬಿದ್ದು ಕಸಾರಾ ತಲುಪಿರಬೇಕೆಂದು ನನ್ನ ಅಂದಾಜು.

ಉಳಿದ ಮೂರನ್ನು ಕಳಚಿದರೆ ಒಳಗೆಲ್ಲ ಬೆವರು, ಕೀವು. ಹಸಿ ಗಾಯ ಉಸಿರುಗಟ್ಟಿ ಬಾತಿತ್ತು.

ಡಾಕ್ಟರಬಾಯಿ ಈ ಸಲ ನಗಲಿಲ್ಲ. ಸೋಂಕು ಒಂದು ಬೆರಳಿನೊಳಗೆ ಇಳಿಯುತ್ತಿದೆ, ಎಲುಬಿಗೆ ಮುಟ್ಟಿದರೆ ಬೆರಳನ್ನೇ ತೆಗೆಯಬೇಕಾಗುತ್ತದೆ ಎಂದರು. "ದೌಡ್ನಾ ಬಂದ್. ಬಿಲ್‌ಕುಲ್ ಬಂದ್," ಎಂದರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಕೇಳಿದ್ದೆನಲ್ಲ, ಕೊಡಲಿ ಈಗ ಮೇಜಿನ ಮೇಲೆಯೇ ಇತ್ತು. ರಿಕ್ಷಾದಲ್ಲಿ ಬರುವಾಗ ಬೊಗ್ಗು ನನ್ನ ತೊಡೆಯ ಮೇಲೆಯೇ ತಲೆಯಿಟ್ಟ. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಅದನ್ನು ತಡೆದುಕೊಳ್ಳುವುದೇ ನನಗೆ ಕಷ್ಟವಾಯಿತು.

ಟೆರೇಸು ಬಂದ್ ಮಾಡಿದೆವು. ಪ್ರಯೋಜನವಾಗಲಿಲ್ಲ. ಸಂಜೆ ಗಾಡಿಯ ಸದ್ದು ಕೇಳಿದ ಕೂಡಲೇ ಎದ್ದು ಮುಂಬಾಗಿಲನ್ನು ಕೆರೆಯುತ್ತಿದ್ದ, ಅದೇ ಉಗುರುಗಳಿಂದ. ಕಟ್ಟಿಹಾಕಿದರೆ ನೆಲ ಕೆರೆಯುತ್ತಿದ್ದ. ಬಾಗಿಲಿನ ಬಿಳಿ ಬಣ್ಣದ ಮೇಲೆ ಕೆಂಪು ಗೆರೆಗಳು ಮೂಡಿದವು. ನಾನು ರೈಲ್ವೆಯನ್ನು ಬೈದೆ, ಕಾಂಕ್ರೀಟನ್ನು ಬೈದೆ, ಬೀದಿನಾಯಿಯ ಜಾತಿಗುಣವನ್ನು ಬೈದೆ.

"ಕೆಲ್ಸ ಇಲ್ಲದ ಆಚಾರಿ ಮಗನ ಕುಂಡೆ ಕೆತ್ತಿದ ಹಾಗಾಯ್ತು ನಿಮ್ಮದು," ಎಂದಳು ಸುಮತಿ. ಅವಳ ಕಣ್ಣಿನಲ್ಲಿ ನೀರಿತ್ತು. "ನೀವು ಮನೆಯಲ್ಲಿ ಕೂತಲ್ಲಿಂದ ಅವನಿಗೆ ಈ ಗತಿ."

ಆ ಮಾತು ನಾಟಿತು. ಯಾಕೆಂದರೆ ಅದು ನಿಜವಾಗಿತ್ತು. ಎಷ್ಟು ನಿಜವೆಂಬುದು ಆಗ ಅವಳಿಗೂ ಗೊತ್ತಿರಲಿಲ್ಲ.

ಮರುದಿನ ಸಂಜೆ ಅವನು ಕೆರೆದು ಕೆರೆದು ಪಟ್ಟಿ ಬಿಚ್ಚಿಹೋಯಿತು. ಕಟ್ಟಲು ಮೆತ್ತಗಿನ ಬಟ್ಟೆ ಬೇಕಿತ್ತು. ಕಪಾಟಿನ ಹಿಂದೆ ನನ್ನ ಹಳೆಯ ಆಫೀಸು ಚೀಲ ನೇತಾಡುತ್ತಿತ್ತು. ಕೈ ಹಾಕಿದರೆ ಆ ಹಳದಿ ಬಟ್ಟೆ ಸಿಕ್ಕಿತು. ಹರಿಯಬೇಕೆಂದು ಎರಡು ಕೈಯಲ್ಲಿ ಹಿಡಿದು ಕೊಡವಿದೆ.

ಬೊಗ್ಗು ಎದ್ದು ನಿಂತ. ಕಿವಿ ನೆಟ್ಟಗಾದವು. ಬಾಲದ ಜೊತೆಗೆ ಇಡೀ ಮೈ ಅಲ್ಲಾಡತೊಡಗಿತು. ಬಟ್ಟೆಯನ್ನು ನನ್ನ ಕೈಯಿಂದ ಮೆಲ್ಲಗೆ ಬಾಯಿಗೆ ತೆಗೆದುಕೊಂಡ, ಬಾಗಿಲ ಬಳಿ ಹೋಗಿ ಕುಳಿತ. ಹೊರಗೆ ಇನ್ನೊಂದು ಗಾಡಿ ದಡದಡ ಹೋಯಿತು. ಅವನು ಏಳಲಿಲ್ಲ.

ಸುಮತಿ ಸೌಟು ಹಿಡಿದುಕೊಂಡೇ ನಿಂತಿದ್ದಳು.

"ಅಯ್ಯೋ ದೇವರೇ, ಅವ ನಿಮ್ಮ ಗಾಡಿಗೆ ಕಾಯುದು!" ಎಂದಳು. "ಮೊದಲು ನಾನು ಬಟ್ಟೆ ತೆಗೀಲಿಕ್ಕೆ ಮೇಲೆ ಹೋಗ್ತಿದ್ದೆ ಅಲ್ವಾ, ಅವನೂ ಬರ್ತಿದ್ದ. ಬೇರೆ ಗಾಡಿಗೆಲ್ಲ ಬರೀ ಕತ್ತೆತ್ತಿ ನೋಡುದು. ಹಳದಿ ಬಟ್ಟೆ ಕಂಡ್ರೆ ಒಂದು ಸಲ ಆ ತುದಿವರೆಗೆ ಓಡಿ, ಸೀದಾ ಮೆಟ್ಲು ಇಳಿದು ಗೇಟಿಗೆ. ಒಂದೇ ಸಲ! ಈಗ ಬಟ್ಟೆ ಕಾಣುದಿಲ್ಲ. ಮತ್ತೆಂತ ಮಾಡ್ಯಾನು? ಎಲ್ಲ ಗಾಡಿಯ ಹಿಂದೆಯೂ ಓಡ್ತಾನೆ."

"ನಾನು ಅಲ್ಲೇ ನಿಂತಿರ್ತೇನಲ್ಲ, ಅವನ ಹಿಂದೆ!"

"ನೀವು ಲುಂಗಿಯಲ್ಲಿ ಟಾಂಕಿ ಹತ್ರ ನಿಂತವರು ಮಾರಾಯ್ರೆ. ಅವನಿಗೆ ಬೇಕಾದ್ದು ಗಾಡಿಯಲ್ಲಿ ಬರುವವರು."

ನಾನು ಕುಳಿತುಬಿಟ್ಟೆ. ಕಾರ್ಖಾನೆ ಬಿಟ್ಟ ಮೇಲೆ ಯಾರಿಗೂ ನನ್ನ ಕೊರತೆ ಕಾಣಲಿಲ್ಲವೆಂದು ಒಳಗೊಳಗೇ ಕೊರಗುತ್ತಿದ್ದೆ. ಕಂಪನಿಯಿಂದ ಒಂದು ಫೋನೂ ಬಂದಿರಲಿಲ್ಲ. ಇಲ್ಲಿ ಒಂದು ಜೀವ ಸಂಜೆ ಸಂಜೆಗೂ ಉಗುರು ಕಿತ್ತುಬರುವ ಹಾಗೆ ನನ್ನನ್ನು ಹುಡುಕುತ್ತಿತ್ತು. ನಾನೋ ಅದರ ಬೆನ್ನ ಹಿಂದೆಯೇ ನಿಂತು, ಎಂಥ ಚುರುಕು ನಾಯಿ ಎಂದು ಚಪ್ಪಾಳೆ ತಟ್ಟುತ್ತಿದ್ದೆ! ಅಳು ಬಂತು. ಗಂಡಸು ಅಳಬಾರದೆಂದು ಮುಖ ಒರೆಸಿಕೊಳ್ಳಲು ನೋಡಿದರೆ ಬಟ್ಟೆ ಬೊಗ್ಗುವಿನ ಬಾಯಲ್ಲಿತ್ತು.

ಮರುದಿನ ಪ್ಯಾಂಟು, ಶರಟು, ಬೂಟು ಹಾಕಿ, ಚೀಲ ತಗಲಿಸಿಕೊಂಡು, ಕೋಪರಿಗಿಂತ ಹಿಂದಿನ ಸ್ಟೇಷನ್ನಾದ ದಿವಾಕ್ಕೆ ಹೋದೆ. ಅಲ್ಲಿಂದ ಡೊಂಬಿವಲಿ ಕಡೆಯ ಗಾಡಿ ಹತ್ತಿದೆ. ಹತ್ತಿದೆ ಎಂದರೆ ಹತ್ತಿಸಲ್ಪಟ್ಟೆ. ಕೆಲವು ತಿಂಗಳು ಮನೆಯಲ್ಲಿ ಕುಳಿತವನ ಮೈಗೆ ಸಂಜೆಯ ಗಾಡಿಯ ವಿದ್ಯೆ ಮರೆತುಹೋಗಿತ್ತು. ಜನ ನನ್ನನ್ನು ನೂಕಿ ನೂಕಿ ನಡುಮಧ್ಯಕ್ಕೆ ತಂದು ನಿಲ್ಲಿಸಿದರು. ನಮ್ಮ ಕಟ್ಟಡ ಬಂದಾಗ ನಾನು ಯಾರದೋ ಬಗಲಿನೊಳಗೆ ಹಳದಿ ಬಟ್ಟೆ ಬೀಸುತ್ತಿದ್ದೆ. ಆತ ಅದರಲ್ಲಿ ಬೆವರು ಒರೆಸಿಕೊಂಡು "ಥ್ಯಾಂಕ್ಯೂ" ಎಂದ.

ಮೊಬೈಲು ಹೊಡೆದುಕೊಂಡಿತು. "ಎಲ್ಲಿ ಸತ್ರಿ?" ಎಂದಳು ಸುಮತಿ. ಅವಳು ಬೊಗ್ಗುವನ್ನು ಸರಪಳಿ ಹಾಕಿ ಟೆರೇಸಿನಲ್ಲಿ ಹಿಡಿದುಕೊಂಡಿದ್ದಳು. "ಇವ ನನ್ನನ್ನೂ ಎಳ್ಕೊಂಡು ಓಡ್ತಿದ್ದಾನೆ!"

ಅದರ ಮರುದಿನ ಭಜನೆ ಮಂಡಳಿಯವರ ಬೋಗಿ ಸಿಕ್ಕಿತು. ತಾಳ ಹಾಕಿ ಹಾಡುತ್ತ ಬರುವ ಖಾಯಂ ಪ್ರಯಾಣಿಕರು. ಕೋಪರ್ ದಾಟುವಾಗ ನನಗೆ ಬಾಗಿಲು ಬೇಕೆಂದು ಕೈ ಮುಗಿದೆ.

"ಕಶಾಲಾ, ಕಾಕಾ?" ಎಂದು ಕಾರಣ ಕೇಳಿದ ತಾಳದವನು.

ಗೊತ್ತಿದ್ದ ಎಲ್ಲ ಭಾಷೆಗಳನ್ನೂ ಕಲಸಿ ಹೇಳಿದೆ. ನಾಯಿ, ಉಗುರು, ಎಮರಿ, ಹಳದಿ ಬಟ್ಟೆ. ಭಜನೆ ನಿಂತಿತು. ಬೋಗಿಯೊಳಗೆ ಹೊಗೆಸೊಪ್ಪು ತಿಕ್ಕುತ್ತಿದ್ದವನ ಕೈ ಕೂಡ ನಿಂತಿತು. ಈಗ ನಗುತ್ತಾರೆ ಎಂದುಕೊಂಡೆ.

"ಅರೇ, ಕಾಕಾಂಚಾ ಕುತ್ರಾ ವಾಟ್ ಬಘತೋಯ್," ಎಂದು ತಾಳದವನು ಬಾಗಿಲ ಕಡೆ ಕೂಗಿದ. "ಜಾಗಾ ದ್ಯಾ!"

ನನ್ನ ನಾಯಿ ದಾರಿ ಕಾಯುತ್ತಿದೆಯಂತೆ, ಜಾಗ ಕೊಡಬೇಕಂತೆ! ಸಂಜೆಯ ಗಾಡಿಯಲ್ಲಿ ಬಾಗಿಲು ಬಿಟ್ಟುಕೊಡುವುದೆಂದರೆ ಆಸ್ತಿ ಬರೆದುಕೊಟ್ಟ ಹಾಗೆ. ಕೊಟ್ಟರು. ಇಬ್ಬರು ನನ್ನ ಬೆಲ್ಟು ಹಿಡಿದುಕೊಂಡರು. ನಮ್ಮ ಕಟ್ಟಡ ಬಂತು. ಮೇಲೆ ಸುಮತಿಯ ಸೀರೆ, ಪಕ್ಕದಲ್ಲಿ ಕಟ್ಟೆಯ ಮೇಲೆ ಎರಡು ಬಿಳಿ ಪಟ್ಟಿಯ ಮುಂಗಾಲು. ನಾನು ಬಟ್ಟೆ ಬೀಸಿದೆ. ಹಿಂದಿನಿಂದ ಕರ್ಚೀಫು, ಟೊಪ್ಪಿ, ಟವೆಲು, ಊಟದ ಡಬ್ಬಿಯ ಚೀಲ, ಎಲ್ಲ ಹೊರಗೆ ಬಂದವು. ಇಡೀ ಬಾಗಿಲು ನನ್ನ ನಾಯಿಗೆ ಕೈ ಬೀಸಿತು.

ಸುಮತಿ ಆಮೇಲೆ ಹೇಳಿದಳು, ಅವನು ಒಮ್ಮೆ ಬೊಗಳಿ, ಅವಳನ್ನು ಎಳೆದುಕೊಂಡು ಮೆಟ್ಟಿಲಿಳಿದನಂತೆ. ಹಿಂದೆಯೇ ಬಂದ ಗಾಡಿಗೆ ತಲೆಯನ್ನೂ ತಿರುಗಿಸಲಿಲ್ಲವಂತೆ. ನಾನು ಸ್ಟೇಷನ್ನಿನಿಂದ ಎಂದಿಗಿಂತ ಬೇಗ ನಡೆದು ಬಂದೆ. ಗೇಟಿನಲ್ಲಿ ಕುಂಟುತ್ತ ನಿಂತಿದ್ದ ಬೊಗ್ಗು. ನನ್ನ ಮೈಮೇಲೆ ಹಾರುತ್ತಾನೆಂದು ಎರಡೂ ಕೈ ಚಾಚಿದೆ. ಅವನು ಚೀಲದಿಂದ ಹಳದಿ ಬಟ್ಟೆ ಎಳೆದುಕೊಂಡು, ನನ್ನ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಹೋದ.

ಆ ಮೇಲೆ ನಾನು ಪಾಸು ಮಾಡಿಸಿದೆ. ಭಾನುವಾರ ಬಿಟ್ಟು ದಿನವೂ ಇಸ್ತ್ರಿ ಮಾಡಿದ ಶರಟು ಹಾಕಿ ದಿವಾಕ್ಕೆ ಹೋಗುತ್ತೇನೆ, ಪ್ಲಾಟ್‌ಫಾರ್ಮಿನಲ್ಲಿ ಒಂದು ಚಹಾ ಕುಡಿದು ಬರುತ್ತೇನೆ. ಹೋದ ಪುಟ್ಟ, ಬಂದ ಪುಟ್ಟ! ಭಜನೆ ಮಂಡಳಿಯವರು ಈಗ ನನಗೂ ಒಂದು ಜೊತೆ ತಾಳ ಕೊಟ್ಟಿದ್ದಾರೆ. ಬೊಗ್ಗುವಿನ ಬೆರಳು ಉಳಿಯಿತು. ಗಾಯ ಮಾಗಿತು. ಉಗುರು ಬೆಳೆಯಿತು. ಬೆಳೆಯುತ್ತಲೇ ಹೋಯಿತು.

ಮಳೆ ಮುಗಿದ ಮೇಲೆ ಒಮ್ಮೆ ಡಾಕ್ಟರಬಾಯಿಗೆ ತೋರಿಸಲು ಹೋದೆವು. ಅವರು ಪಾದ ಹಿಡಿದು ನೋಡಿ ಹುಬ್ಬುಗಂಟಿಕ್ಕಿದರು. ಈಗ ಉಗುರು ಅತಿ ಉದ್ದವಾಗಿದೆ, ಇವನಿಗೆ ಓಟ ಸಾಲುತ್ತಿಲ್ಲ, ಸ್ವಲ್ಪ ಸವೆಯಬೇಕು ಎಂದರು. ಒಂದು ಹಲಗೆಗೆ ಒರಟಿನದೇನಾದರೂ ಅಂಟಿಸಿ ಕೆರೆಯಲು ಕಲಿಸಿ ಎಂದೂ ಹೇಳಿದರು.

"ಘರ್ ಮೇಂ ಪಾಲಿಶ್ ಪೇಪರ್ ಹೋಗಾ ನಾ, ಥೋಡಾ ಸಾ?"

ಸುಮತಿ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಅಟ್ಟದಿಂದ ಸುರುಳಿ ಇಳಿಯಿತು. ಒಟ್ಟಿಗೆ ರಿಜೆಕ್ಟ್ ಆಗಿ ಮನೆಗೆ ಬಂದ ನಮ್ಮಿಬ್ಬರಿಗೂ ಈಗ ಬೊಗ್ಗುವಿನ ಕೈಕೆಳಗೆ ಖಾಯಂ ಕೆಲಸ. ಅದಕ್ಕೆ ಉಗುರು ಉಜ್ಜುವುದು, ನನಗೆ ಬಟ್ಟೆ ಬೀಸುವುದು. ಇಬ್ಬರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಸುರುಳಿಯೇ ಎಂದು ಸುಮತಿಯ ಅಭಿಪ್ರಾಯ. ಅದನ್ನು ಬಿಸಿಲು ತಾಗದಂತೆ ಒಳಗಿಡುವ ಜವಾಬ್ದಾರಿಯನ್ನೂ ಅವಳು ನನಗೆ ಕೊಟ್ಟಿಲ್ಲ.